ದ್ವಿಭಾಷಾ ಸಾಕ್ಷರತೆಯ ಮುದ್ರೆ ಮತ್ತು ಕನ್ನಡದ ಅಳತೆಗೋಲು

1

ಶಾಲೆ ತಾನು ಕಲಿಸಿದ್ದನ್ನು ಮಾತ್ರ ಅಳೆಯುತ್ತದೆ. ಇದು ಆಧುನಿಕ ಪರೀಕ್ಷಾ ಪದ್ಧತಿಯ ಮೂಲನಿಯಮ. ಮಗು ತನ್ನ ಮನೆಯಲ್ಲಿ, ಅಜ್ಜ ಅಜ್ಜಿಯರ ಒಡನಾಟದಲ್ಲಿ, ನೆರೆಹೊರೆಯಲ್ಲಿ ಗಳಿಸಿಕೊಂಡ ಭಾಷೆ ಈ ನಿಯಮದ ಹೊರಗೆ ಉಳಿಯುತ್ತದೆ. ಅಂಕಪಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ. ಆದ್ದರಿಂದ ಶಾಲೆಯ ದೃಷ್ಟಿಯಲ್ಲಿ ಅದು ಜ್ಞಾನವೂ ಅಲ್ಲ. ಎರಡು ಮೂರು ಭಾಷೆಗಳನ್ನು ಬಲ್ಲ ವಿದ್ಯಾರ್ಥಿಯೊಬ್ಬ ಶಾಲೆಯಿಂದ ಹೊರಬರುವಾಗ ಒಂದೇ ಭಾಷೆಯನ್ನು ಬಲ್ಲವನಂತೆ ದಾಖಲಾಗುವುದು ಈ ಕಾರಣದಿಂದಲೇ. ಈ ಮೌನವನ್ನು ಮುರಿಯಲು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದಿರುವ ಒಂದು ಪ್ರಯತ್ನ ಕನ್ನಡ ಅಧ್ಯಯನದ ಗಮನಕ್ಕೆ ಅರ್ಹವಾದುದು. ಅಲ್ಲಿ ಹನ್ನೆರಡನೆಯ ತರಗತಿಯನ್ನು ಮುಗಿಸುವ ವಿದ್ಯಾರ್ಥಿಯು ಇಂಗ್ಲಿಷಿನ ಜೊತೆಗೆ ಮತ್ತೊಂದು ಭಾಷೆಯಲ್ಲಿಯೂ ನಿಗದಿತ ಸಾಮರ್ಥ್ಯವನ್ನು ತೋರಿಸಿದರೆ, ಅವನ ಪದವಿಪತ್ರದ ಮೇಲೆ ಅಥವಾ ಅಂಕಪಟ್ಟಿಯಲ್ಲಿ ಒಂದು ಮುದ್ರೆಯನ್ನು ಒತ್ತಲಾಗುತ್ತದೆ. ‘ಸೀಲ್ ಆಫ್ ಬೈಲಿಟರಸಿ’ ಎಂದು ಕರೆಯಲಾಗುವ ಇದನ್ನು ಕನ್ನಡದಲ್ಲಿ ದ್ವಿಭಾಷಾ ಸಾಕ್ಷರತೆಯ ಮುದ್ರೆ ಎನ್ನಬಹುದು.

ಈ ಮುದ್ರೆಯ ಕಲ್ಪನೆಯನ್ನು 2008ರಲ್ಲಿ ಮುಂದಿಟ್ಟದ್ದು ‘ಕ್ಯಾಲಿಫೋರ್ನಿಯನ್ಸ್ ಟುಗೆದರ್’ ಎಂಬ ಸಂಘಟನೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಇದಕ್ಕಾಗಿ ಕಾಯ್ದೆಯನ್ನು ಅಂಗೀಕರಿಸಿತು. 2012ರ ಆರಂಭದಿಂದ ಅದು ಜಾರಿಗೆ ಬಂದಿತು. ಮೊದಲ ವರ್ಷವೇ 10,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಈ ಮನ್ನಣೆಯನ್ನು ಪಡೆದರು. ಅದೇ 2012ರಲ್ಲಿ ನ್ಯೂಯಾರ್ಕ್ ರಾಜ್ಯ ಇದನ್ನು ಅನುಸರಿಸಿತು. ಅನಂತರದ ವರ್ಷಗಳಲ್ಲಿ ಬಹುತೇಕ ಎಲ್ಲ ರಾಜ್ಯಗಳೂ ತಮ್ಮ ತಮ್ಮ ರೀತಿಯಲ್ಲಿ ಇದನ್ನು ಅಳವಡಿಸಿಕೊಂಡವು. 2015ರಲ್ಲಿ ಭಾಷಾಬೋಧಕರ ಪ್ರಮುಖ ಸಂಸ್ಥೆಗಳು ಒಟ್ಟುಗೂಡಿ ಇದಕ್ಕೆ ಸಾಮಾನ್ಯ ಮಾರ್ಗಸೂಚಿಯನ್ನು ಸಿದ್ಧಪಡಿಸಿದವು. ಮಿನ್ನೆಸೋಟಾ, ಇಲಿನಾಯ್ ಮುಂತಾದ ರಾಜ್ಯಗಳಲ್ಲಿ ಈ ಮುದ್ರೆಯುಳ್ಳ ವಿದ್ಯಾರ್ಥಿಗೆ ಸಾರ್ವಜನಿಕ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಭಾಷಾ ವಿಷಯದ ಕ್ರೆಡಿಟ್ಟುಗಳನ್ನು ನೀಡುವ ಏರ್ಪಾಟೂ ಆಗಿದೆ. ಹೀಗೆ ಆರಂಭದಲ್ಲಿ ಕೇವಲ ಗೌರವಸೂಚಕವಾಗಿದ್ದ ಚಿಹ್ನೆ ಕ್ರಮೇಣ ಶೈಕ್ಷಣಿಕ ಮೌಲ್ಯವನ್ನೂ ಪಡೆದುಕೊಂಡಿತು.

ಈ ಮುದ್ರೆ ನ್ಯಾಯವಾದ ಮನ್ನಣೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವುದೇ ಮನ್ನಣೆಯ ಬೆಲೆ ಅದರ ಹಿಂದಿರುವ ಅಳತೆಗೋಲಿನ ಬೆಲೆಯಷ್ಟೇ ಆಗಿರುತ್ತದೆ. ಕನ್ನಡವೂ ಈಗ ಈ ಮುದ್ರೆಯ ವ್ಯಾಪ್ತಿಯೊಳಗೆ ಬಂದಿರುವುದರಿಂದ, ‘ಕನ್ನಡ ಬಲ್ಲವನು’ ಎಂದರೆ ಯಾರು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗಳು ಎದುರಾಗಿವೆ. ಇವುಗಳಿಗೆ ಉತ್ತರಿಸಬೇಕಾದ ಹೊಣೆ ಕರ್ನಾಟಕದ ಕನ್ನಡ ಅಧ್ಯಯನ ವಿಭಾಗಗಳ ಮೇಲಿದೆ.

2

ಮುದ್ರೆಯ ಮಹತ್ವ ತಿಳಿಯಬೇಕಾದರೆ ಅದು ಹುಟ್ಟಿದ ನೆಲದ ಭಾಷಾಚರಿತ್ರೆಯನ್ನು ಸ್ವಲ್ಪ ಗಮನಿಸಬೇಕಾಗುತ್ತದೆ. ಅಮೆರಿಕದ ಶಾಲೆಗಳು ಇಂಗ್ಲಿಷೇತರ ಭಾಷೆಗಳನ್ನು ಕಂಡ ಬಗೆ ಬಹುಕಾಲ ಅನುಮಾನದ್ದೇ ಆಗಿತ್ತು. ಮೊದಲನೆಯ ಮಹಾಯುದ್ಧದ ಹಿನ್ನೆಲೆಯಲ್ಲಿ ನೆಬ್ರಾಸ್ಕ ರಾಜ್ಯವು 1919ರಲ್ಲಿ, ಎಂಟನೆಯ ತರಗತಿಯನ್ನು ದಾಟದ ಮಕ್ಕಳಿಗೆ ಇಂಗ್ಲಿಷಲ್ಲದ ಆಧುನಿಕ ಭಾಷೆಗಳನ್ನು ಕಲಿಸುವುದನ್ನೇ ನಿಷೇಧಿಸಿತ್ತು. ಮಗುವಿಗೆ ಜರ್ಮನ್ ಓದು ಕಲಿಸಿದ ಶಿಕ್ಷಕನೊಬ್ಬ ದಂಡನೆಗೆ ಗುರಿಯಾದ. ಆ ಪ್ರಕರಣವು ‘ಮೇಯರ್ ವಿರುದ್ಧ ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 1923ರಲ್ಲಿ ಆ ಕಾಯ್ದೆ ಅಸಿಂಧುವಾಯಿತು. 1968ರಲ್ಲಿ ದ್ವಿಭಾಷಾ ಶಿಕ್ಷಣದ ಕಾಯ್ದೆ ಬಂದಿತು. 1974ರ ‘ಲಾವ್ ವಿರುದ್ಧ ನಿಕೋಲ್ಸ್’ ತೀರ್ಪು, ಅರ್ಥವಾಗದ ಭಾಷೆಯಲ್ಲಿ ಪಾಠ ಹೇಳಿ ಸುಮ್ಮನಾಗುವುದು ಸಮಾನ ಶಿಕ್ಷಣವಲ್ಲ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ಮಕ್ಕಳ ಪರವಾಗಿ ಹೂಡಿದ್ದ ದಾವೆ ಅದು.

ಆದರೂ 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರಪೊಸಿಷನ್ 227’ ಎಂಬ ಪ್ರಸ್ತಾವವನ್ನು ಅಂಗೀಕರಿಸಿ ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ಮೊಟಕುಗೊಳಿಸಿದರು. 2000ದಲ್ಲಿ ಅರಿಜೋನಾ, 2002ರಲ್ಲಿ ಮ್ಯಾಸಚೂಸೆಟ್ಸ್ ಅದೇ ಹಾದಿಯನ್ನು ಹಿಡಿದವು. ದ್ವಿಭಾಷಾ ಸಾಕ್ಷರತೆಯ ಮುದ್ರೆ ರೂಪುಗೊಂಡದ್ದು ಇಂತಹ ಪ್ರತಿಕೂಲ ವಾತಾವರಣದಲ್ಲಿ. ಬೋಧನೆಯ ಮಾಧ್ಯಮವನ್ನು ಬದಲಿಸಲು ಸಾಧ್ಯವಿಲ್ಲದಿದ್ದಾಗ, ಕಲಿಕೆಯ ಫಲವನ್ನಾದರೂ ಗೌರವಿಸಬೇಕೆಂಬ ಜಾಣ್ಮೆ ಅದರ ಹಿಂದಿತ್ತು. ಎರಡು ಭಾಷೆ ಬಲ್ಲ ಮಗುವನ್ನು ‘ಇಂಗ್ಲಿಷಿನಲ್ಲಿ ಕೊರತೆಯುಳ್ಳ ಮಗು’ ಎಂದು ಹೆಸರಿಸುತ್ತಿದ್ದ ವ್ಯವಸ್ಥೆಯು ಅದೇ ಮಗುವನ್ನು ‘ಎರಡು ಭಾಷೆಗಳಲ್ಲಿ ಸಮರ್ಥ’ ಎಂದು ಹೆಸರಿಸುವಂತಾದುದು ಸಣ್ಣ ಸಂಗತಿಯಲ್ಲ. 2016ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ‘ಪ್ರಪೊಸಿಷನ್ 58’ರ ಮೂಲಕ ಹಿಂದಿನ ನಿರ್ಬಂಧಗಳನ್ನು ತೆಗೆದುಹಾಕಿದರು. ಈ ಮನೋಭಾವದ ಬದಲಾವಣೆಯಲ್ಲಿ ಮುದ್ರೆಗೂ ಒಂದು ಪಾಲಿದೆ ಎಂದು ಊಹಿಸಿದರೆ ತಪ್ಪಾಗಲಾರದು. ಮತ್ತೊಂದೆಡೆ, 2025ರ ಮಾರ್ಚ್ ತಿಂಗಳಲ್ಲಿ ಅಧ್ಯಕ್ಷರ ಆದೇಶವೊಂದು ಇಂಗ್ಲಿಷನ್ನು ಆ ದೇಶದ ಅಧಿಕೃತ ಭಾಷೆಯೆಂದು ಸಾರಿತು. ಅನುಮಾನ ಮತ್ತು ಮನ್ನಣೆಗಳ ಈ ಎಳೆದಾಟ ಅಲ್ಲಿ ಇನ್ನೂ ಮುಗಿದಿಲ್ಲ.

3

ಮುದ್ರೆಯನ್ನು ಕುರಿತ ಟೀಕೆಗಳೂ ಲಕ್ಷಿಸತಕ್ಕವು. ಮೊದಲನೆಯ ಟೀಕೆ ಸಮಾನತೆಗೆ ಸಂಬಂಧಿಸಿದುದು. ಇಂಗ್ಲಿಷ್ ಮನೆಮಾತಿನ ವಿದ್ಯಾರ್ಥಿ ನಾಲ್ಕು ವರ್ಷ ಫ್ರೆಂಚನ್ನೋ ಸ್ಪ್ಯಾನಿಷನ್ನೋ ತರಗತಿಯಲ್ಲಿ ಕಲಿತರೆ ಅವನಿಗೆ ಮುದ್ರೆಯ ಹಾದಿ ಸಿದ್ಧವಾಗಿರುತ್ತದೆ: ಪಠ್ಯಕ್ರಮವಿದೆ, ಶಿಕ್ಷಕರಿದ್ದಾರೆ, ರಾಷ್ಟ್ರಮಟ್ಟದ ಪರೀಕ್ಷೆಯಿದೆ. ವಲಸೆ ಬಂದ ಕುಟುಂಬದ ಮಗು ಮನೆಮಾತನ್ನು ತಾನೇ ಉಳಿಸಿಕೊಳ್ಳಬೇಕು, ಅದರ ಲಿಪಿಯನ್ನು ಶಾಲೆಯ ಹೊರಗೆ ಕಲಿಯಬೇಕು, ಇಂಗ್ಲಿಷಿನಲ್ಲಿಯೂ ಇತರರಿಗೆ ಸಮನಾಗಿ ನಿಲ್ಲಬೇಕು. ಕ್ಯಾಲಿಫೋರ್ನಿಯಾದ 2011ರ ಕಾಯ್ದೆಯಂತೆ, ಮನೆಮಾತು ಇಂಗ್ಲಿಷಲ್ಲದ ವಿದ್ಯಾರ್ಥಿ ಎಲ್ಲರಿಗೂ ಇರುವ ಇಂಗ್ಲಿಷ್ ಷರತ್ತುಗಳ ಜೊತೆಗೆ ಇಂಗ್ಲಿಷ್ ಸಾಮರ್ಥ್ಯದ ಮತ್ತೊಂದು ಪರೀಕ್ಷೆಯನ್ನೂ ದಾಟಬೇಕಾಗಿತ್ತು. 2023ರ ತಿದ್ದುಪಡಿ ಇಂಗ್ಲಿಷ್ ಸಾಮರ್ಥ್ಯವನ್ನು ತೋರಿಸುವ ದಾರಿಗಳನ್ನು ವಿಸ್ತರಿಸಿ ಈ ಹೊರೆಯನ್ನು ಹಗುರಗೊಳಿಸಿತು. ಬಡ ಕುಟುಂಬಗಳ ಮಕ್ಕಳು ಹೆಚ್ಚಾಗಿರುವ ಶಾಲೆಗಳಲ್ಲಿ ಮುದ್ರೆಯ ಅವಕಾಶವೇ ಕಡಿಮೆ ಎಂಬ ಅಂಶವನ್ನು 2019ರಲ್ಲಿ ‘ಮಾಡರ್ನ್ ಲ್ಯಾಂಗ್ವೇಜ್ ಜರ್ನಲ್’ನಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದು ಎತ್ತಿ ತೋರಿಸಿತು. ‘ಯಾರ ದ್ವಿಭಾಷಿಕತೆಗೆ ಮನ್ನಣೆ?’ ಎಂಬುದೇ ಆ ಅಧ್ಯಯನದ ಮುಖ್ಯ ಪ್ರಶ್ನೆ.

ಎರಡನೆಯ ಟೀಕೆ ಹೆಸರಿನಲ್ಲಿಯೇ ಅಡಗಿದೆ. ಮುದ್ರೆಯು ದ್ವಿಭಾಷಿಕತೆಯನ್ನಲ್ಲ, ದ್ವಿಭಾಷಾ ಸಾಕ್ಷರತೆಯನ್ನು ಗುರುತಿಸುತ್ತದೆ. ಮಾತನಾಡುವುದು, ಕೇಳಿ ಗ್ರಹಿಸುವುದು ಮಾತ್ರ ಸಾಲದು. ಓದು ಬರೆಹಗಳೂ ಬೇಕು. ಈ ಆಗ್ರಹಕ್ಕೆ ಸಮರ್ಥನೆಯಿದೆ. ಜೋಶುವಾ ಫಿಶ್‌ಮನ್ 1966ರಲ್ಲಿ ಪ್ರಕಟಿಸಿದ ಅಮೆರಿಕದ ಭಾಷಾನಿಷ್ಠೆಯ ಅಧ್ಯಯನದಿಂದ ಮೊದಲ್ಗೊಂಡು ಅನೇಕ ವಿದ್ವಾಂಸರು ಕಂಡಿರುವಂತೆ, ವಲಸಿಗರ ಭಾಷೆ ಸಾಮಾನ್ಯವಾಗಿ ಮೂರನೆಯ ತಲೆಮಾರಿನ ಹೊತ್ತಿಗೆ ಅಳಿಯುತ್ತದೆ. ಕೇವಲ ಮಾತಿನಲ್ಲಿ ಉಳಿದ ಭಾಷೆ ಅಡುಗೆಮನೆಯ ಶಬ್ದಗಳಿಗೆ ಕುಗ್ಗುವುದು ಸುಲಭ. ಓದು ಬಂದವನು ಮನೆಯಲ್ಲಿ ಮಾತನಾಡುವವರು ಇಲ್ಲದಿದ್ದರೂ ಭಾಷೆಯ ಸಂಪರ್ಕವನ್ನು ಉಳಿಸಿಕೊಳ್ಳಬಲ್ಲ. ಆದರೆ ಲಿಖಿತ ಪರಂಪರೆ ಹೆಚ್ಚಿಲ್ಲದ ಭಾಷೆಗಳನ್ನು ಆಡುವವರಿಗೆ ಇದೇ ಆಗ್ರಹ ಬಾಗಿಲನ್ನು ಮುಚ್ಚುತ್ತದೆ. ಇದನ್ನು ಅರಿತ ಕ್ಯಾಲಿಫೋರ್ನಿಯಾದ ಕಾಯ್ದೆ, ಲಿಪಿಯಿಲ್ಲದ ಭಾಷೆಗಳಿಗೂ ಕೇಳಿಸಿಕೊಳ್ಳುವ ಅಥವಾ ಮಾತನಾಡುವ ಕ್ರಮವಿಲ್ಲದ ಭಾಷೆಗಳಿಗೂ ಅವುಗಳ ಸ್ವರೂಪಕ್ಕೆ ತಕ್ಕ ರೀತಿಯಲ್ಲಿ ಪ್ರಮಾಣಪತ್ರ ನೀಡುವ ಅವಕಾಶವನ್ನು ಶಾಲಾ ಜಿಲ್ಲೆಗಳಿಗೆ ಕೊಟ್ಟಿದೆ. ಸಂಜ್ಞಾಭಾಷೆ, ಲ್ಯಾಟಿನ್, ಮೂಲನಿವಾಸಿಗಳ ಭಾಷೆಗಳು ಈ ದಾರಿಯಿಂದ ಒಳಬರುತ್ತವೆ.

4

ಈ ಚೌಕಟ್ಟಿನೊಳಗೆ ಕನ್ನಡ ಎಲ್ಲಿ ನಿಲ್ಲುತ್ತದೆ? ಅಮೆರಿಕದ ಪ್ರೌಢಶಾಲೆಗಳಲ್ಲಿ ಕಾಲೇಜು ಮಟ್ಟದ ಭಾಷಾಪರೀಕ್ಷೆಗಳೆಂದು ಹೆಸರಾದ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಪರೀಕ್ಷೆಗಳು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನೀ, ಜಪಾನಿ, ಲ್ಯಾಟಿನ್ ಭಾಷೆಗಳಲ್ಲಿ ನಡೆಯುತ್ತ ಬಂದಿವೆ. ಭಾರತದ ದ್ರಾವಿಡ ಭಾಷೆಗಳಿಗೆ ಆ ಸಾಲಿನಲ್ಲಿ ಸ್ಥಾನ ದೊರೆತಿಲ್ಲ. ಶಾಲೆಯ ವೇಳಾಪಟ್ಟಿಯಲ್ಲಿ ಕನ್ನಡ ಒಂದು ವಿಷಯವಾಗಿ ಇರುವುದೂ ಅಪರೂಪ. ಅಲ್ಲಿನ ಕನ್ನಡ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ನಡೆದಿರುವುದು ಕನ್ನಡ ಕೂಟಗಳ ಆಶ್ರಯದಲ್ಲಿ, ವಾರಾಂತ್ಯದ ತರಗತಿಗಳಲ್ಲಿ, ಬಹುಪಾಲು ತಾಯಂದಿರೂ ತಂದೆಯರೂ ಸ್ವಯಂಸೇವೆಯಿಂದ ನಡೆಸುವ ಶಾಲೆಗಳಲ್ಲಿ. ಆದರೆ ಮುದ್ರೆಯ ನಿಯಮಗಳು ಭಾಷೆಯನ್ನು ಎಲ್ಲಿ ಕಲಿತೆ ಎಂದು ಕೇಳುವುದಕ್ಕಿಂತ ಎಷ್ಟು ಬಲ್ಲೆ ಎಂದು ಕೇಳುತ್ತವೆ. ಹೆಚ್ಚಾಗಿ ಬೋಧಿಸಲ್ಪಡದ ಭಾಷೆಗಳಿಗಾಗಿ ಸಿದ್ಧವಾಗಿರುವ ನಾಲ್ಕು ಕೌಶಲಗಳ ಪರೀಕ್ಷೆಗಳಲ್ಲಿ ತಮಿಳು, ತೆಲುಗು, ಮರಾಠಿಗಳ ಜೊತೆಗೆ ಕನ್ನಡವೂ ಸೇರಿದೆ. ಶಾಲಾ ಜಿಲ್ಲೆ ಒಪ್ಪಿದರೆ, ಇಂತಹ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗುವಿನ ಪದವಿಪತ್ರದಲ್ಲಿ ಕನ್ನಡದ ಹೆಸರು ಬರುತ್ತದೆ.

ಇದರ ಅರ್ಥವನ್ನು ಕಡೆಗಣಿಸಬಾರದು. ವಾರಾಂತ್ಯದ ತರಗತಿಗೆ ಹೋಗಲೊಲ್ಲದ ಹದಿಹರೆಯದ ಮಗುವಿಗೆ, ಮನೆಯವರ ಒತ್ತಾಯವಲ್ಲದೆ ಬೇರೊಂದು ಕಾರಣ ದೊರೆತಂತಾಯಿತು. ಕನ್ನಡವೆಂದರೆ ಹಬ್ಬದ ದಿನ ವೇದಿಕೆಯ ಮೇಲೆ ಹಾಡುವ ಹಾಡು ಎಂಬಲ್ಲಿಂದ, ಕನ್ನಡವೆಂದರೆ ಜಗತ್ತು ಲೆಕ್ಕಕ್ಕೆ ತೆಗೆದುಕೊಳ್ಳುವ ವಿದ್ಯೆ ಎಂಬಲ್ಲಿಗೆ ಅದರ ಸ್ಥಾನ ಬದಲಾಗುತ್ತದೆ. ಭಾಷೆಯನ್ನು ಲಾಭಕ್ಕಾಗಿ ಕಲಿಯುವುದು ಕೀಳೆಂಬ ಮಾತು ಇಂತಹ ಸಂದರ್ಭದಲ್ಲಿ ಕೇಳಿಬರುತ್ತದೆ. ಆದರೆ ಕರ್ನಾಟಕದ ತಂದೆತಾಯಿಯರು ಇಂಗ್ಲಿಷನ್ನು ಆರಿಸಿಕೊಳ್ಳುವುದೂ ಲಾಭದ ಕಾರಣದಿಂದಲೇ ಎಂಬುದನ್ನು ಒಪ್ಪಿದ ಮೇಲೆ, ಕನ್ನಡಕ್ಕೆ ಮಾತ್ರ ನಿಷ್ಕಾಮ ಪ್ರೀತಿಯನ್ನು ವಿಧಿಸುವುದು ನ್ಯಾಯವಲ್ಲ.

5

ಸಮಸ್ಯೆ ಇರುವುದು ಅಳತೆಗೋಲಿನಲ್ಲಿ. ಮುದ್ರೆಗೆ ಬೇಕಾದ ಮಟ್ಟವನ್ನು ಬಹುತೇಕ ರಾಜ್ಯಗಳು ಅಮೆರಿಕದ ವಿದೇಶೀ ಭಾಷಾಬೋಧನ ಮಂಡಳಿಯು 1986ರಿಂದ ರೂಪಿಸಿ ಪರಿಷ್ಕರಿಸುತ್ತ ಬಂದಿರುವ ಸೋಪಾನಕ್ರಮದಲ್ಲಿ ಹೇಳುತ್ತವೆ: ಪ್ರಾರಂಭಿಕ, ಮಧ್ಯಮ, ಪ್ರಗತ, ಪ್ರೌಢ, ವಿಶಿಷ್ಟ ಎಂಬಂತೆ. ರಾಷ್ಟ್ರೀಯ ಮಾರ್ಗಸೂಚಿ ‘ಮಧ್ಯಮ–ನಡು’ ಮಟ್ಟವನ್ನು ಕನಿಷ್ಠವೆಂದು ಸೂಚಿಸಿದೆ. ಮಿನ್ನೆಸೋಟಾದಲ್ಲಿ ‘ಮಧ್ಯಮ–ಮೇಲು’ ಮಟ್ಟಕ್ಕೆ ಚಿನ್ನದ ಮುದ್ರೆ, ‘ಪ್ರಗತ–ಕೆಳ’ ಮಟ್ಟಕ್ಕೆ ಪ್ಲಾಟಿನಂ ಮುದ್ರೆ ಎಂಬ ವ್ಯತ್ಯಾಸವಿದೆ. ಈ ಸೋಪಾನಕ್ರಮವು ಎಲ್ಲ ಭಾಷೆಗಳಿಗೂ ಸಮಾನವಾಗಿ ಅನ್ವಯಿಸುವಂತೆ ರಚಿತವಾದುದು. ವಿದ್ಯಾರ್ಥಿಯು ಪರಿಚಿತ ವಿಷಯಗಳ ಬಗ್ಗೆ ಸ್ವಂತ ವಾಕ್ಯಗಳಲ್ಲಿ ಮಾತನಾಡಬಲ್ಲನೆ, ನಡೆದ ಘಟನೆಯನ್ನು ಕ್ರಮವಾಗಿ ನಿರೂಪಿಸಬಲ್ಲನೆ ಎಂಬಂತಹ ಪ್ರಶ್ನೆಗಳನ್ನು ಅದು ಕೇಳುತ್ತದೆ. ಅಂಕಗಳಿಗಿಂತ ಇದು ಮೇಲಾದ ಕ್ರಮವೇ ಸರಿ. ಆದರೆ ಆ ವಾಕ್ಯ ಯಾವ ಕನ್ನಡದ್ದಾಗಿರಬೇಕು ಎಂಬುದನ್ನು ಅದು ಹೇಳುವುದಿಲ್ಲ. ಹೇಳಲು ಅದಕ್ಕೆ ಸಾಧ್ಯವೂ ಇಲ್ಲ.

ಕನ್ನಡದಲ್ಲಿ ಈ ಪ್ರಶ್ನೆ ಸರಳವಾದುದಲ್ಲ. 1959ರಲ್ಲಿ ಚಾರ್ಲ್ಸ್ ಫರ್ಗುಸನ್ ಒಂದೇ ಭಾಷೆಯ ಎರಡು ರೂಪಗಳು ಬೇರೆ ಬೇರೆ ಸಂದರ್ಭಗಳನ್ನು ಹಂಚಿಕೊಳ್ಳುವ ಸ್ಥಿತಿಯನ್ನು ವಿವರಿಸಿದ. ಅದಕ್ಕೂ ಒಂದು ವರ್ಷ ಮೊದಲು, 1958ರಲ್ಲಿ, ವಿಲಿಯಂ ಬ್ರೈಟ್ ಆಡುಗನ್ನಡದ ರೂಪರೇಷೆಯನ್ನು ಬರೆಹದ ಕನ್ನಡದಿಂದ ಬೇರ್ಪಡಿಸಿಯೇ ಬರೆಯಬೇಕಾಯಿತು. ಪುಸ್ತಕದ ‘ಹೋಗುತ್ತಾನೆ’ ಮೈಸೂರಿನ ಮಾತಿನಲ್ಲಿ ‘ಹೋಗ್ತಾನೆ’, ಧಾರವಾಡದಲ್ಲಿ ‘ಹೋಗ್ತಾನ’. ಅಲ್ಲಿ ‘ಮನೆ’ಯು ‘ಮನಿ’. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ಎಂಬುದು ‘ಆಲು’ ಆಗುವುದುಂಟು. ಪ್ರದೇಶ, ಜಾತಿ, ವೃತ್ತಿಗಳಿಗೆ ಅನುಗುಣವಾದ ಈ ಭೇದಗಳನ್ನು ಉಪಭಾಷಾ ಅಧ್ಯಯನಗಳು ದಶಕಗಳಿಂದ ದಾಖಲಿಸುತ್ತ ಬಂದಿವೆ. ನಾಡಿನೊಳಗೆ ಬೆಳೆಯುವ ಮಗುವಿಗೆ ಶಾಲೆ, ಪತ್ರಿಕೆ, ಬಸ್ಸಿನ ಫಲಕ, ಸರಕಾರಿ ಅರ್ಜಿಗಳ ಮೂಲಕ ಬರೆಹದ ರೂಪವು ತಾನಾಗಿಯೇ ಪರಿಚಯವಾಗುತ್ತದೆ. ಹೊರನಾಡಿನಲ್ಲಿ ಬೆಳೆಯುವ ಮಗುವಿಗೆ ಸಿಗುವುದು ಬಹುತೇಕ ಮನೆಯ ಮಾತೊಂದೇ.

ಕಲಬುರಗಿ ಅಥವಾ ಧಾರವಾಡ ಕಡೆಯ ಕುಟುಂಬದ ಮಗುವೊಂದು ಇಂತಹ ಪರೀಕ್ಷೆಗೆ ಕುಳಿತಿದೆ ಎಂದು ಭಾವಿಸಬಹುದು. ಅಜ್ಜಿಯೊಡನೆ ಗಂಟೆಗಟ್ಟಲೆ ಹರಟಬಲ್ಲ ಆ ಮಗುವಿಗೆ ಗಾದೆ, ಹಾಸ್ಯ, ಮುನಿಸು ಎಲ್ಲವೂ ಕನ್ನಡದಲ್ಲಿ ಬರುತ್ತವೆ. ಬೇರೊಂದು ಪ್ರದೇಶದ ಪರೀಕ್ಷಕನು ಅದರ ಕ್ರಿಯಾರೂಪಗಳನ್ನು ದೋಷಗಳೆಂದು ಎಣಿಸಿದರೆ ಆಗುವ ಅನ್ಯಾಯ ಎಂತಹುದು? ಇದಕ್ಕೆ ತದ್ವಿರುದ್ಧವಾಗಿ, ಪಾಠಪುಸ್ತಕದ ಐವತ್ತು ವಾಕ್ಯಗಳನ್ನು ಶುದ್ಧವಾಗಿ ಉರುಹೊಡೆದ, ಆದರೆ ಎದುರಿನವರ ಮಾತಿಗೆ ಪ್ರತಿಯಾಡಲಾರದ ಮಗು ‘ಶಿಷ್ಟ’ವೆಂದು ತೇರ್ಗಡೆಯಾದರೆ ಮುದ್ರೆ ಯಾವುದಕ್ಕೆ ಸಾಕ್ಷಿಯಾಯಿತು? ಮಾತಿನಲ್ಲಿ ಪ್ರಾದೇಶಿಕ ರೂಪಕ್ಕೆ ಪೂರ್ಣ ಮಾನ್ಯತೆ, ಬರೆಹದಲ್ಲಿ ಶಿಷ್ಟ ರೂಪದ ಕ್ರಮಬದ್ಧ ಕಲಿಕೆ ಎಂಬ ಎರಡು ಪ್ರತ್ಯೇಕ ಮಾನದಂಡಗಳಿಲ್ಲದೆ ಈ ಎರಡು ತಪ್ಪುಗಳನ್ನೂ ತಡೆಯುವುದು ಅಸಾಧ್ಯ. ಇಂತಹ ಮಾನದಂಡವನ್ನು ಕೊಡಬಲ್ಲವರು ಕನ್ನಡದ ಒಳಭೇದಗಳನ್ನು ಬಲ್ಲವರು ಮಾತ್ರ.

6

ಕರ್ನಾಟಕದಿಂದ ಹೋದ ಎಲ್ಲ ಮಕ್ಕಳ ಮನೆಮಾತೂ ಕನ್ನಡವಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 2011ರ ಜನಗಣತಿಯಂತೆ ತುಳುವನ್ನು ಮಾತೃಭಾಷೆಯೆಂದು ಹೇಳಿದವರು 18 ಲಕ್ಷಕ್ಕೂ ಹೆಚ್ಚು. ಕೊಡವ ಭಾಷಿಕರು ಸುಮಾರು 1.13 ಲಕ್ಷ. ಇವೆರಡೂ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸೇರಿಲ್ಲ. ಕೊಂಕಣಿ 1992ರಲ್ಲಿ ಸೇರಿತು. ಮಂಗಳೂರಿನ ಮನೆಯೊಂದರ ಮಗು ತುಳುವನ್ನು ಮಾತಿನಲ್ಲಿಯೂ ಕನ್ನಡವನ್ನು ಓದಿನಲ್ಲಿಯೂ ಉಳಿಸಿಕೊಂಡಿದ್ದರೆ ಅದು ಇಂಗ್ಲಿಷೂ ಸೇರಿ ಮೂರು ಭಾಷೆಗಳನ್ನು ಬಲ್ಲದು. ಕನ್ನಡದ ಪರೀಕ್ಷೆಯಲ್ಲಿ ಅದರ ಮಾತು ಅಷ್ಟು ಸರಾಗವಿಲ್ಲವೆಂದು ಹಿಂದೆ ಬೀಳಬಹುದು. ತುಳುವಿಗೆ ಪರೀಕ್ಷೆಯೇ ಇಲ್ಲದಿರುವುದರಿಂದ ಅಲ್ಲಿಯೂ ಹಿಂದೆ ಬೀಳಬಹುದು. ಹೀಗೆ ಹೆಚ್ಚು ಭಾಷೆ ಬಲ್ಲ ಮಗುವೇ ಮನ್ನಣೆಯಿಂದ ಹೊರಗುಳಿಯುವ ವಿಪರ್ಯಾಸ ಉಂಟಾಗುತ್ತದೆ. ಲಿಪಿರಹಿತ ಭಾಷೆಗಳಿಗೆ ಕ್ಯಾಲಿಫೋರ್ನಿಯಾ ತೋರಿದ ಔದಾರ್ಯ ಇಂತಹ ಭಾಷೆಗಳಿಗೆ ಒಂದು ಮಾದರಿಯಾಗಬಲ್ಲದು. ತುಳು ಮತ್ತು ಕೊಡವ ಭಾಷೆಗಳ ಬರೆಹಕ್ಕೆ ಕನ್ನಡ ಲಿಪಿ ಬಹುಕಾಲದಿಂದ ಬಳಕೆಯಲ್ಲಿರುವುದರಿಂದ ಇವುಗಳ ಮೌಲ್ಯಮಾಪನದಲ್ಲಿಯೂ ಕನ್ನಡ ವಿಭಾಗಗಳ ಸಹಕಾರಕ್ಕೆ ಎಡೆಯಿದೆ. ಆದರೆ ಆ ಕೆಲಸದ ಮುಂದಾಳುತನ ಆಯಾ ಭಾಷೆಯ ವಿದ್ವಾಂಸರದ್ದೇ ಆಗಿರಬೇಕು.

7

ಸಾಮರ್ಥ್ಯವನ್ನು ಅಳೆಯುವ ವಿಷಯದಲ್ಲಿ ಕನ್ನಡ ನಾಡಿಗೆ ಅನುಭವವಿಲ್ಲವೆಂದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳು ಶಾಲೆಯ ಹೊರಗಿನ ಕಲಿಕೆಯನ್ನು ಗೌರವಿಸುವ ಉದ್ದೇಶದಿಂದಲೇ ಹುಟ್ಟಿದವು. ಮೈಸೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಮತ್ತು ಅದರ ದಕ್ಷಿಣ ವಲಯದ ಭಾಷಾಕೇಂದ್ರಗಳಿಗೆ ಇತರ ಭಾಷಿಕರಿಗೆ ಕನ್ನಡ ಕಲಿಸಿದ ದೀರ್ಘ ಅನುಭವವಿದೆ. ಆದರೆ ಪರಿಷತ್ತಿನ ಪರೀಕ್ಷೆಗಳು ಮುಖ್ಯವಾಗಿ ಪಠ್ಯಕೇಂದ್ರಿತವಾದವು. ಸಾಹಿತ್ಯದ ಪರಿಚಯವನ್ನು ಅಳೆಯುವಷ್ಟು ಮಾತಿನ ಸಾಮರ್ಥ್ಯವನ್ನು ಅವು ಅಳೆಯುವುದಿಲ್ಲ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಶಾಸನ, ಹಸ್ತಪ್ರತಿ, ಛಂದಸ್ಸು, ಜಾನಪದ, ವಿಮರ್ಶೆಗಳಲ್ಲಿ ಮಾಡಿರುವ ಕೆಲಸದ ಮುಂದೆ ಭಾಷಾಸಾಮರ್ಥ್ಯದ ಮಾಪನಕ್ಕೆ ಕೊಟ್ಟಿರುವ ಗಮನ ಅತ್ಯಲ್ಪ. ಅದು ಬೋಧನಶಾಸ್ತ್ರದವರ ಕೆಲಸವೆಂಬ ತಿಳಿವಳಿಕೆ ಇದಕ್ಕೆ ಕಾರಣವಿರಬಹುದು. ಆದರೆ ‘ಕನ್ನಡ ಬಲ್ಲವನು’ ಯಾರೆಂಬುದು ಬೋಧನೆಯ ಪ್ರಶ್ನೆಗಿಂತ ಮೊದಲು ಭಾಷಾಶಾಸ್ತ್ರದ ಪ್ರಶ್ನೆ.

ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ಮೊದಲನೆಯದಾಗಿ, ಕೇಳುವಿಕೆ, ಮಾತು, ಓದು, ಬರೆಹ ಎಂಬ ನಾಲ್ಕು ಕೌಶಲಗಳಲ್ಲಿ ಪ್ರತಿಯೊಂದು ಮಟ್ಟದಲ್ಲಿಯೂ ಕನ್ನಡ ಕಲಿಕೆಯ ಲಕ್ಷಣಗಳೇನು ಎಂಬುದನ್ನು ಕನ್ನಡದ ಉದಾಹರಣೆಗಳೊಡನೆ ನಿರೂಪಿಸಬೇಕು. ವಿಭಕ್ತಿಗಳ ಬಳಕೆ, ಕೃದಂತಗಳಿಂದ ವಾಕ್ಯಗಳನ್ನು ಹೆಣೆಯುವ ಬಗೆ, ಏಕವಚನ ಬಹುವಚನಗಳ ಮೂಲಕ ಗೌರವವನ್ನು ಸೂಚಿಸುವ ಕ್ರಮ, ಒತ್ತಕ್ಷರಗಳ ಓದು ಇವೆಲ್ಲ ಇಂಗ್ಲಿಷಿನಿಂದ ಎರವಲು ತಂದ ವಿವರಣೆಗಳಲ್ಲಿ ಸಿಗುವಂತಹವಲ್ಲ. ಎರಡನೆಯದಾಗಿ, ಮೈಸೂರು, ಧಾರವಾಡ, ಕಲಬುರಗಿ, ಕರಾವಳಿ ಪ್ರದೇಶಗಳ ಮಾತಿನ ಮಾದರಿಗಳನ್ನು ಧ್ವನಿಮುದ್ರಿಸಿ, ಪರೀಕ್ಷಕರ ತರಬೇತಿಗೆ ಒದಗಿಸಬೇಕು. ಪ್ರಾದೇಶಿಕ ರೂಪ ಯಾವುದು, ಕಲಿಯುವವನ ತಪ್ಪು ಯಾವುದು ಎಂಬ ವಿವೇಕ ಅವರಲ್ಲಿ ಮೂಡಬೇಕು. ಮೂರನೆಯದಾಗಿ, ಫಲಿತಾಂಶವನ್ನು ಒಂದೇ ಒಟ್ಟಂಕದಲ್ಲಿ ಮುಚ್ಚಿಡದೆ ಕೌಶಲವಾರು ತಿಳಿಸಬೇಕು. ಮಾತು ಬಲ್ಲ, ಓದು ಬಾರದ ಮಗುವಿಗೆ ಮಾತಿನ ಮನ್ನಣೆಯಾದರೂ ದಕ್ಕಲಿ. ಓದಿನ ಮನ್ನಣೆ ಮುಂದಿನ ಗುರಿಯಾಗಲಿ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಹೊರನಾಡಿನ ಕೆಲವು ಅನುಕೂಲಸ್ಥ ಕುಟುಂಬಗಳ ಮಕ್ಕಳಿಗಾಗಿ ಸಾರ್ವಜನಿಕ ವಿಶ್ವವಿದ್ಯಾಲಯಗಳು ಏಕೆ ಶ್ರಮಿಸಬೇಕು ಎಂಬುದು ಮೊದಲನೆಯದು. ಆಕ್ಷೇಪದಲ್ಲಿ ಹುರುಳಿದೆ, ಅಳತೆಗೋಲು ಅವರಿಗಷ್ಟೇ ಆದರೆ ಶ್ರಮ ವ್ಯರ್ಥ. ಆದರೆ ಅದೇ ಅಳತೆಗೋಲು ಕರ್ನಾಟಕದೊಳಗೆ ಇನ್ನೂ ಹೆಚ್ಚು ಅವಶ್ಯವಾಗಿದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ರಾಜ್ಯದ ಶಾಲೆಗಳಲ್ಲಿ ಕನ್ನಡದ ಕಲಿಕೆಯನ್ನು ಕಡ್ಡಾಯಗೊಳಿಸಿತು. ಉರ್ದು, ತಮಿಳು, ತೆಲುಗು, ಹಿಂದಿ, ಲಂಬಾಣಿ ಮನೆಮಾತಿನ ಲಕ್ಷಾಂತರ ಮಕ್ಕಳು ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಾರೆ. ಅವರು ಪಡೆದ ಅಂಕ ಪಾಠಪುಸ್ತಕದ ಪ್ರಶ್ನೆಗಳಿಗೆ ಬರೆದ ಉತ್ತರವನ್ನು ಹೇಳುತ್ತದೆಯೇ ಹೊರತು, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ಸಭೆಯಲ್ಲಿ ಅವರು ಕನ್ನಡದಲ್ಲಿ ವ್ಯವಹರಿಸಬಲ್ಲರೆ ಎಂಬುದನ್ನಲ್ಲ. ಆ ಮಕ್ಕಳು ತಮ್ಮ ಮನೆಮಾತನ್ನೂ ಕನ್ನಡವನ್ನೂ ಜೊತೆಯಾಗಿ ಉಳಿಸಿಕೊಂಡಿರುವುದು ಯಾವ ದಾಖಲೆಯಲ್ಲಿಯೂ ಕಾಣಿಸುವುದಿಲ್ಲ. ಕಡ್ಡಾಯವೊಂದೇ ಭಾಷೆಯನ್ನು ಬೆಳೆಸಲಾರದು; ಕಲಿತದ್ದಕ್ಕೆ ಮನ್ನಣೆಯೂ ಬೇಕು.

ಸಾಮರ್ಥ್ಯವನ್ನು ಮಟ್ಟಗಳಾಗಿ ಕತ್ತರಿಸುವುದರಿಂದ ಜೀವಂತ ಭಾಷೆ ಯಾಂತ್ರಿಕವಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಸಾಹಿತ್ಯದ ಓದಿನಲ್ಲಿ ಪಳಗಿದವರಿಗೆ ಈ ಅಳುಕು ಸಹಜ. ಆದರೆ ಅಳತೆಯೇ ಇಲ್ಲದ ಸ್ಥಿತಿ ಈಗ ಉಳಿದಿಲ್ಲ. ಅಳತೆ ನಡೆಯುತ್ತಿದೆ, ದೂರದ ಶಾಲಾ ಜಿಲ್ಲೆಯೊಂದರಲ್ಲಿ, ಎಲ್ಲ ಭಾಷೆಗಳಿಗೂ ಹೊಂದುವಂತೆ ಮಾಡಿದ ಒಂದೇ ಚೌಕಟ್ಟಿನಲ್ಲಿ ಕನ್ನಡದ ಮಕ್ಕಳ ಮಾತು ತೂಗಲ್ಪಡುತ್ತಿದೆ. ಕನ್ನಡದ ವಿದ್ವಾಂಸರು ಅಳತೆಗೋಲನ್ನು ರೂಪಿಸಲು ಹಿಂಜರಿದರೆ ಅಳತೆ ನಿಲ್ಲುವುದಿಲ್ಲ. ಅದು ಕನ್ನಡವನ್ನು ಅರಿಯದವರ ಕೈಯಲ್ಲಿ ಉಳಿಯುತ್ತದೆ, ಅಷ್ಟೆ.

ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಅದು ಭಾಷೆಯ ಗತಕಾಲಕ್ಕೆ ಸಂದ ಮನ್ನಣೆ. ಹನ್ನೆರಡನೆಯ ತರಗತಿಯನ್ನು ಮುಗಿಸಿ ಹೊರಬರುವ ವಿದ್ಯಾರ್ಥಿಯ ಪದವಿಪತ್ರದ ಮೇಲೆ ಕನ್ನಡದ ಹೆಸರು ಮೂಡುವುದು ಭಾಷೆಯ ನಾಳೆಗೆ ಸಲ್ಲುವ ಮನ್ನಣೆ. ಮೊದಲನೆಯದಕ್ಕಾಗಿ ವಿದ್ವತ್ ಲೋಕ ಶಾಸನಗಳನ್ನೂ ಕಾವ್ಯಗಳನ್ನೂ ಸಾಕ್ಷ್ಯವಾಗಿ ಮುಂದಿಟ್ಟಿತು. ಎರಡನೆಯದಕ್ಕೆ ಬೇಕಾದ ಸಾಕ್ಷ್ಯ ಮಕ್ಕಳ ನಾಲಗೆಯ ಮೇಲಿದೆ. ಅದನ್ನು ಸರಿಯಾಗಿ ಕೇಳಿಸಿಕೊಂಡು ನ್ಯಾಯವಾಗಿ ಅಳೆಯುವ ವಿಧಾನವನ್ನು ಕನ್ನಡ ವಿಭಾಗಗಳು ತಡಮಾಡದೆ ಸಿದ್ಧಪಡಿಸಬೇಕಾಗಿದೆ.